ಬ್ಲಾಕ್ ಟಿಕೆಟ್ ಮಾರೋನಿಗೆ ಟಿಕೆಟ್ ಕೊಟ್ಟವರು ಯಾರು?

"ಬಾಲ್ಕನಿ ಇಪ್ಪತ್ತು ಐವತ್ತು... ಇಪ್ಪತ್ತು ಐವತ್ತು..."

ಈ ಮಂತ್ರ ಕಿವಿಗೆ ಬೀಳದೆ ದೊಡ್ಡವರಾದವರು ನನ್ನ ತಲೆಮಾರಿನಲ್ಲಿ ಬಹಳ ಕಡಿಮೆ. ಹಾಸನದಲ್ಲಿ ನಾನು ಪ್ರೈಮರಿ ಸ್ಕೂಲ್ ಹುಡುಗ. ಹಬ್ಬದ ದಿನ ಅಪ್ಪನ ಕೈ ಹಿಡಿದು ಸಿನಿಮಾಗೆ ಹೋದರೆ ಥಿಯೇಟರ್ ಮುಂದೆ ಹೌಸ್‌ಫುಲ್ ಬೋರ್ಡ್. ಕೌಂಟರ್ ಬಾಗಿಲು ತೆಗೆದು ಹತ್ತು ನಿಮಿಷ ಆಗಿಲ್ಲ, ಅಷ್ಟರಲ್ಲೇ ಬೋರ್ಡು. ಆದರೆ ಬೀಡಾ ಅಂಗಡಿ ಪಕ್ಕ ನಿಂತವನೊಬ್ಬ, ತುಟಿ ಅಲ್ಲಾಡಿಸದೆ, ಯಾರ ಮುಖವನ್ನೂ ನೋಡದೆ, ಇದೇ ಮಂತ್ರ ಜಪಿಸ್ತಾ ಇದ್ದ. ಇಪ್ಪತ್ತರ ಟಿಕೆಟ್ ಐವತ್ತಕ್ಕೆ. ನಾನು ಅಪ್ಪನನ್ನ ಕೇಳಿದೆ, "ಒಳಗೆ ಟಿಕೆಟ್ ಇಲ್ಲ ಅಂದ್ರಲ್ಲ, ಇವನಿಗೆ ಹೇಗೆ ಸಿಕ್ತು?" ಅಪ್ಪ ಒಂದೇ ಮಾತು ಹೇಳಿದರು. "ಒಳಗಿಂದಾನೇ."

ಇವತ್ತು ನಾನು ಹೇಳೋಕೆ ಹೊರಟಿರೋದು ಸಿನಿಮಾ ಕತೆ ಅಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಕತೆ. ತಮ್ಮ ಕ್ಲಬ್ಬಿನ ಟಿಕೆಟ್ ತಮಗೇ ಸಿಗ್ತಿಲ್ಲ, ಸಿಕ್ಕರೂ ನಾಲ್ಕು ಪಟ್ಟು ಕೊಡಬೇಕು ಅಂತ ಅಲ್ಲಿನ ಅಭಿಮಾನಿಗಳು ಎಷ್ಟೋ ವರ್ಷಗಳಿಂದ ಗೋಳಾಡ್ತಾ ಇದ್ದಾರೆ. ಆ ಗೋಳಿನ ಚರಿತ್ರೆ ಓದ್ತಾ ಹೋದಾಗ ನನಗೆ ಪದೇ ಪದೇ ಕೇಳಿಸಿದ್ದು ಅಪ್ಪನ ಆ ಒಂದು ಮಾತು.

ಬ್ಲಾಕ್ ಟಿಕೆಟ್ ಮಾರೋನಿಗೆ ಇಂಗ್ಲೆಂಡಿನಲ್ಲಿ 'ಟೌಟ್' ಅಂತಾರೆ. ಅಮೆರಿಕದಲ್ಲಿ 'ಸ್ಕ್ಯಾಲ್ಪರ್'. ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ಇದೆ. ದಶಕಗಳ ಕಾಲ ಅಲ್ಲಿ ನೀವು ನಾಟಕದ ಟಿಕೆಟ್ ಮರುಮಾರಾಟ ಮಾಡಬಹುದಿತ್ತು. ಸಂಗೀತ ಕಛೇರಿಯದ್ದು ಮಾರಬಹುದಿತ್ತು. ಲಾರ್ಡ್ಸ್ ಕ್ರಿಕೆಟ್ ಟೆಸ್ಟಿನದ್ದೂ ಮಾರಬಹುದಿತ್ತು. ಆದರೆ ಫುಟ್‌ಬಾಲ್ ಟಿಕೆಟ್ ಮಾರಿದರೆ ಮಾತ್ರ ಕ್ರಿಮಿನಲ್ ಕೇಸು. 2012ರ ಲಂಡನ್ ಒಲಿಂಪಿಕ್ಸ್‌ಗೆ ತಾತ್ಕಾಲಿಕವಾಗಿ ಇನ್ನೊಂದು ಕಾನೂನು ಮಾಡಿಕೊಂಡಿದ್ದರು, ಅದನ್ನು ಬಿಟ್ಟುಬಿಡಿ. ಫುಟ್‌ಬಾಲಿಗೆ ಮಾತ್ರ ಯಾಕೆ ಈ ಮಡಿ? ಅದು ಗೊತ್ತಾಗಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1923ರ ಏಪ್ರಿಲ್ 28. ಲಂಡನ್ನಿನ ವೆಂಬ್ಲಿಯಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ ಹೊಸ ಸ್ಟೇಡಿಯಂ. ಮೊಟ್ಟಮೊದಲ ಪಂದ್ಯವೇ ಎಫ್‌ಎ ಕಪ್ ಫೈನಲ್, ಬೋಲ್ಟನ್ ವಾಂಡರರ್ಸ್ ಮತ್ತು ವೆಸ್ಟ್ ಹ್ಯಾಮ್ ನಡುವೆ. ಸ್ಟೇಡಿಯಂನಲ್ಲಿ ಹಿಡಿಸೋದು ಸುಮಾರು 1,25,000 ಜನ. ಅಷ್ಟು ದೊಡ್ಡ ಜಾಗ ತುಂಬುತ್ತೋ ಇಲ್ಲವೋ ಅಂತ ಸಂಘಟಕರಿಗೇ ಅನುಮಾನ. ಹಾಗಾಗಿ ಬಹುಪಾಲು ಜಾಗಕ್ಕೆ ಮುಂಗಡ ಟಿಕೆಟ್ಟೇ ಇಲ್ಲ. ಬಂದು, ಗೇಟಿನಲ್ಲಿ ದುಡ್ಡು ಕೊಟ್ಟು, ಒಳಗೆ ಹೋಗಿ! ಬಂದರು ನೋಡಿ. ಎರಡು ಲಕ್ಷ ಅಂತಾರೆ ಕೆಲವರು, ಮೂರು ಲಕ್ಷ ಅಂತಾರೆ ಕೆಲವರು. ಗೇಟು ಮುಚ್ಚಿದರೆ ಗೋಡೆ ಹತ್ತಿದರು. ಒಳಗೆ ಜಾಗ ಇಲ್ಲದೆ ಮೈದಾನಕ್ಕೇ ಇಳಿದರು. ರಾಜ ಐದನೇ ಜಾರ್ಜ್ ಬಂದು ಕೂತಿದ್ದಾರೆ, ಆಟ ಆಡೋಕೆ ಹುಲ್ಲೇ ಕಾಣ್ತಿಲ್ಲ. ಕೊನೆಗೆ ಕುದುರೆ ಸವಾರಿ ಪೊಲೀಸರು ಬಂದು ಜನರನ್ನು ಗೆರೆಯಿಂದ ಆಚೆ ತಳ್ಳಿದರು. ಅವರಲ್ಲಿ ಜಾರ್ಜ್ ಸ್ಕೋರಿ ಅನ್ನೋ ಕಾನ್‌ಸ್ಟೆಬಲ್, ಅವನ ಕುದುರೆ ಬಿಲ್ಲಿ ಚರಿತ್ರೆಗೇ ಸೇರಿಬಿಟ್ಟರು. ಆ ಪಂದ್ಯವನ್ನು ಇವತ್ತಿಗೂ 'ಬಿಳಿ ಕುದುರೆ ಫೈನಲ್' ಅಂತಲೇ ಕರೀತಾರೆ. ತಮಾಷೆ ಏನು ಗೊತ್ತಾ? ಬಿಲ್ಲಿ ನಿಜವಾಗಿ ಬೂದು ಬಣ್ಣದ ಕುದುರೆ. ಕಪ್ಪು ಬಿಳುಪು ನ್ಯೂಸ್‌ರೀಲ್‌ನಲ್ಲಿ ಬೆಳ್ಳಗೆ ಕಂಡಿತು ಅಷ್ಟೇ. ಕ್ಯಾಮೆರಾ ತೋರಿಸಿದ್ದೇ ಸತ್ಯ ಆಗಿಬಿಡೋದು ಇವತ್ತಿನ ಟಿವಿಯವರ ಕಾಲದಲ್ಲಿ ಶುರುವಾಗಿದ್ದೇನಲ್ಲ.

ಮುಕ್ಕಾಲು ಗಂಟೆ ತಡವಾಗಿ ಆಟ ಶುರುವಾಯಿತು. ಬೋಲ್ಟನ್ 2-0ಯಿಂದ ಗೆದ್ದಿತು. ನೂರಾರು ಜನಕ್ಕೆ ಗಾಯ, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲ್ಲಿಂದ ಮುಂದೆ ಫೈನಲ್‌ಗೆ ಮುಂಗಡ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ ಅಂತ ನಿಯಮ ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಟಿಕೆಟ್ ಹುಟ್ಟಿದ್ದು ದುಡ್ಡಿಗಲ್ಲ. ದುಡ್ಡು ಗೇಟಿನಲ್ಲೂ ಬರ್ತಿತ್ತು. ಟಿಕೆಟ್ ಹುಟ್ಟಿದ್ದು ಜೀವ ಕಾಪಾಡೋಕೆ. ಆದರೆ ಸೀಟಿಗೆ ಒಂದು ಚೀಟಿ ಅಂತ ಆದ ಮೇಲೆ ಚೀಟಿ ಒಂದು ಸರಕಾಯಿತು. ಸರಕನ್ನು ಕೂಡಿಡಬಹುದು, ಕೈ ಬದಲಾಯಿಸಬಹುದು, ಬೆಲೆ ಏರಿಸಬಹುದು. ಗೇಟಿನಲ್ಲಿ ದುಡ್ಡು ಕೊಟ್ಟು ನುಗ್ಗೋ ಕಾಲದಲ್ಲಿ ಟೌಟ್‌ಗೆ ಏನು ಕೆಲಸ ಇತ್ತು ಹೇಳಿ?

ಇನ್ನು ಆ ಚೀಟಿಗಳು ಹಂಚಿಕೆ ಆಗ್ತಿದ್ದ ರೀತಿ. ವೆಂಬ್ಲಿ ಫೈನಲ್‌ಗೆ ಸುಮಾರು ಒಂದು ಲಕ್ಷ ಟಿಕೆಟ್. ಆದರೆ ಆಡುವ ಎರಡು ಕ್ಲಬ್‌ಗಳ ಅಭಿಮಾನಿಗಳಿಗೆ ಪೂರ್ತಿ ಸಿಗ್ತಿರಲಿಲ್ಲ. ದೇಶದ ತುಂಬಾ ಇರುವ ಕೌಂಟಿ ಸಂಸ್ಥೆಗಳಿಗೆ ಇಷ್ಟು, ಬೇರೆ ಕ್ಲಬ್‌ಗಳಿಗೆ ಇಷ್ಟು, ಪದಾಧಿಕಾರಿಗಳಿಗೆ ಇಷ್ಟು, ಆಟಗಾರರಿಗೆ ಇಷ್ಟು. ಯಾವುದೋ ಊರಿನ ಫುಟ್‌ಬಾಲ್ ಸಂಸ್ಥೆಯ ಖಜಾಂಚಿಗೆ ಮ್ಯಾಂಚೆಸ್ಟರ್ ಗೆದ್ದರೇನು, ಲಿವರ್‌ಪೂಲ್ ಗೆದ್ದರೇನು? ಅವರ ಡ್ರಾಯರ್‌ನಲ್ಲಿ ಬಿದ್ದಿರೋ ಟಿಕೆಟ್‌ಗೆ ಹೊರಗೆ ಹತ್ತು ಪಟ್ಟು ಬೆಲೆ. ನಾನು ಓದಿದ್ದು ಇಂಜಿನಿಯರಿಂಗ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾಲ್ಕು ಅಧ್ಯಾಯ ಮರೆತಿದ್ದೀನಿ, ಒಂದು ಮಾತು ಮರೆತಿಲ್ಲ. ಪೈಪಿನ ಆ ಕಡೆ ಈ ಕಡೆ ಒತ್ತಡದಲ್ಲಿ ವ್ಯತ್ಯಾಸ ಇದ್ದು ನಡುವೆ ತೂತೂ ಇದ್ದರೆ, ಸೋರಿಯೇ ಸೋರುತ್ತೆ. ನೀವು ಎಷ್ಟೇ ನಲ್ಲಿ ತಿರುಗಿಸಿ.

ಆ ಸೋರಿಕೆಯ ಕೆಳಗೆ ಬಿಂದಿಗೆ ಹಿಡಿದು ನಿಂತವರಲ್ಲಿ ದೊಡ್ಡವನು ಸ್ಟಾನ್ ಫ್ಲ್ಯಾಶ್‌ಮನ್. ಲಂಡನ್ನಿನವನು, ದಢೂತಿ ಆಳು, 'ಟೌಟ್‌ಗಳ ರಾಜ' ಅಂತಲೇ ಹೆಸರು. ತನಗೆ ಸಿಗದ ಟಿಕೆಟ್ಟೇ ಇಲ್ಲ, ಬಕಿಂಗ್‌ಹ್ಯಾಮ್ ಅರಮನೆಯ ಗಾರ್ಡನ್ ಪಾರ್ಟಿಯ ಆಹ್ವಾನವನ್ನೂ ಕೊಡಿಸಬಲ್ಲೆ ಅಂತ ಜಂಬ ಕೊಚ್ಚಿಕೊಳ್ತಿದ್ದ. ಅವನಿಗೆ ಫೈನಲ್ ಟಿಕೆಟ್ ಎಲ್ಲಿಂದ ಬರ್ತಿತ್ತು? ಪ್ರಿಂಟಿಂಗ್ ಪ್ರೆಸ್ ಇಟ್ಟಿರಲಿಲ್ಲ ಸ್ವಾಮಿ. ಫೈನಲ್ ಆಡೋ ಆಟಗಾರರೇ ತಮ್ಮ ಪಾಲಿನ ಟಿಕೆಟ್ಟುಗಳನ್ನು ಟೌಟ್‌ಗಳಿಗೆ ಮಾರಿ ಕೈಖರ್ಚು ಮಾಡಿಕೊಳ್ತಿದ್ದ ಕಾಲ ಅದು. ಆ ಕಾಲದ ಆಟಗಾರರು ನಿವೃತ್ತರಾದ ಮೇಲೆ ತಮ್ಮ ಆತ್ಮಕತೆಗಳಲ್ಲಿ ಇದನ್ನು ನಗುನಗುತ್ತಾ ಬರೆದುಕೊಂಡಿದ್ದಾರೆ. ಆಗ ಟಿಕೆಟ್ ಮರುಮಾರಾಟ ಅಪರಾಧವೂ ಅಲ್ಲ. ಪೊಲೀಸರು ಹಿಡಿದರೂ ರಸ್ತೆಗೆ ಅಡ್ಡ ನಿಂತ ಅನ್ನೋ ಕೇಸು, ಚಿಲ್ಲರೆ ದಂಡ.

ಈಗ ಕತೆಯ ಮಜಾ ನೋಡಿ. 1985ರಲ್ಲಿ ಇದೇ ಫ್ಲ್ಯಾಶ್‌ಮನ್ ಉತ್ತರ ಲಂಡನ್ನಿನ ಬಾರ್ನೆಟ್ ಅನ್ನೋ ಸಣ್ಣ ಕ್ಲಬ್ಬಿನ ಚೇರ್ಮನ್ ಆಗಿಬಿಟ್ಟ! ಬೀದಿಯಲ್ಲಿ ಟಿಕೆಟ್ ಮಾರುತ್ತಿದ್ದವನು ಈಗ ಟಿಕೆಟ್ ಅಚ್ಚು ಹಾಕಿಸೋ ಕಡೆ. ಮ್ಯಾನೇಜರ್ ಬ್ಯಾರಿ ಫ್ರೈನನ್ನು ಎಷ್ಟು ಸಲ ಕೆಲಸದಿಂದ ತೆಗೆದು ಎಷ್ಟು ಸಲ ವಾಪಸ್ ಕರೆಸಿಕೊಂಡನೋ ಲೆಕ್ಕ ಇಟ್ಟವರಿಲ್ಲ. ಹಾಗಂತ ಕ್ಲಬ್ ಮುಳುಗಲಿಲ್ಲ, 1991ರಲ್ಲಿ ಮೊದಲ ಬಾರಿಗೆ ಫುಟ್‌ಬಾಲ್ ಲೀಗ್‌ಗೆ ಏರಿತು. ಆಮೇಲೆ ಆಟಗಾರರಿಗೆ ಸಂಬಳ ಕೊಡದ ಗಲಾಟೆ, ವಿಚಾರಣೆ, 1993ರಲ್ಲಿ ಅವನ ನಿರ್ಗಮನ. ಇವನನ್ನು ಖಳನಾಯಕ ಅನ್ನೋದಾ, ಅದೃಷ್ಟದ ಕತೆ ಅನ್ನೋದಾ ನನಗೆ ಗೊತ್ತಿಲ್ಲ. ಆದರೆ ಒಂದಂತೂ ನಿಜ. ಗೇಟಿನ ಹೊರಗಿನವನು, ಗೇಟಿನ ಒಳಗಿನವರು ಅಂತ ನಾವು ಎಳೆಯೋ ಗೆರೆ ಅವನ ಬದುಕಿನಲ್ಲಿ ಇರಲೇ ಇಲ್ಲ.

ಫ್ಲ್ಯಾಶ್‌ಮನ್ ಬಾರ್ನೆಟ್‌ನಲ್ಲಿ ಚೇರ್ಮನ್ ಆಗಿದ್ದಾಗಲೇ ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯ ಅತಿ ಕರಾಳ ದಿನ ಬಂತು.

1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಸ್ಟೇಡಿಯಂ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಲಿವರ್‌ಪೂಲ್ ಅಭಿಮಾನಿಗಳಿಗೆ ಕೊಟ್ಟಿದ್ದು ಲೆಪ್ಪಿಂಗ್ಸ್ ಲೇನ್ ಕಡೆಯ ಪ್ರವೇಶ. ನಿಂತು ನೋಡುವ ಟಿಕೆಟ್ ಇದ್ದವರು 10,100 ಜನ. ಅವರು ಒಳಗೆ ಹೋಗೋಕೆ ಇದ್ದ ತಿರುಗು ಗೇಟುಗಳು ಎಷ್ಟು? ಏಳು. ಇಲ್ಲಿ ಒಂದು ಸರಳ ಲೆಕ್ಕ ಹಾಕಿ. ಒಂದು ಗೇಟಿಗೆ ಸುಮಾರು 1,443 ಜನ. ಒಂದು ಗೇಟಿನಲ್ಲಿ ಗಂಟೆಗೆ 750 ಜನ ಸರಾಗವಾಗಿ ದಾಟುತ್ತಾರೆ ಅಂತ ಹಿಡಿದರೂ ಎಲ್ಲರೂ ಒಳಗೆ ಹೋಗೋಕೆ ಎರಡು ಗಂಟೆ ಹತ್ತಿರ ಬೇಕು. ಆ ಎರಡು ಗಂಟೆಯಲ್ಲಿ ಒಂದು ನಿಮಿಷವೂ ಗೇಟು ಖಾಲಿ ನಿಲ್ಲಬಾರದು. ಫಸ್ಟ್ ಇಯರ್ ಇಂಜಿನಿಯರಿಂಗ್ ಹುಡುಗನೂ ಹೇಳಬಲ್ಲ, ಇದು ಆಗದ ಮಾತು ಅಂತ.

ಆಗಲಿಲ್ಲ. ಗೇಟಿನ ಹೊರಗೆ ನೂಕುನುಗ್ಗಲು ಜೀವ ತೆಗೆಯುವ ಮಟ್ಟ ಮುಟ್ಟಿತು. 2 ಗಂಟೆ 52 ನಿಮಿಷಕ್ಕೆ ಪೊಲೀಸರೇ ಒಂದು ದೊಡ್ಡ ನಿರ್ಗಮನ ಗೇಟು ತೆಗೆಸಿದರು. ಜನ ಎದುರಿಗೆ ಕಂಡ ಸುರಂಗ ದಾರಿಯಲ್ಲಿ ನಡೆದರು. ಆ ಸುರಂಗ ಹೋಗುತ್ತಿದ್ದದ್ದು ಆಗಲೇ ತುಂಬಿ ತುಳುಕುತ್ತಿದ್ದ, ಸುತ್ತ ಕಬ್ಬಿಣದ ಬೇಲಿ ಇದ್ದ ನಡುವಿನ ಕಟ್ಟೆಗಳಿಗೆ. ಎರಡೂ ಪಕ್ಕದ ಕಟ್ಟೆಗಳಲ್ಲಿ ಜಾಗ ಇತ್ತು. ಆ ಕಡೆ ಹೋಗಿ ಅಂತ ಹೇಳೋಕೆ ಅಲ್ಲಿ ಯಾರೂ ಇರಲಿಲ್ಲ. ಆಟ ಶುರುವಾಗಿ ಆರು ನಿಮಿಷಕ್ಕೆ ನಿಂತಿತು. ಆ ದಿನದ ಗಾಯಗಳಿಂದ ಪ್ರಾಣ ಬಿಟ್ಟವರು ಒಟ್ಟು 97 ಮಂದಿ. ಕೊನೆಯವರು ತೀರಿಕೊಂಡದ್ದು 2021ರಲ್ಲಿ, ಮೂವತ್ತೆರಡು ವರ್ಷ ನರಳಿ.

ಹೊಣೆ ಯಾರ ಮೇಲೆ ಬಿತ್ತು? ಟಿಕೆಟ್ ಇಲ್ಲದೆ ಬಂದ ಕುಡುಕ ಅಭಿಮಾನಿಗಳ ಮೇಲೆ. ಗೇಟನ್ನು ಜನರೇ ಮುರಿದು ನುಗ್ಗಿದರು ಅಂತ ಅಲ್ಲಿದ್ದ ಪೊಲೀಸ್ ಅಧಿಕಾರಿ ಸುಳ್ಳು ಹೇಳಿದರು. 'ದಿ ಸನ್' ಪತ್ರಿಕೆ ನಾಲ್ಕೇ ದಿನದಲ್ಲಿ 'ಸತ್ಯ' ಅನ್ನೋ ತಲೆಬರಹದ ಕೆಳಗೆ ಸುಳ್ಳನ್ನು ಅಚ್ಚು ಹಾಕಿತು. ಲಿವರ್‌ಪೂಲ್ ಊರಿನಲ್ಲಿ ಇವತ್ತಿಗೂ ಆ ಪತ್ರಿಕೆ ಮುಟ್ಟದವರು ಸಾವಿರಾರು ಜನ. ಮೈಕ್ ಹಿಡಿದು ನಿಲ್ಲುವ ನನ್ನಂಥವರು ಆ ತಲೆಬರಹವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಬೇಕು.

ವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಟೇಲರ್. ದುರಂತ ನಡೆದ ನಾಲ್ಕೇ ತಿಂಗಳಲ್ಲಿ, 1989ರ ಆಗಸ್ಟ್‌ನಲ್ಲಿ, ಮಧ್ಯಂತರ ವರದಿ ಕೊಟ್ಟರು. ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಅಂದರು. ಟಿಕೆಟ್ ಇಲ್ಲದವರು ರಾಶಿ ರಾಶಿ ನುಗ್ಗಿದರು ಅನ್ನೋ ವಾದವನ್ನು ತಳ್ಳಿಹಾಕಿದರು. ಒಳಗೆ ಹೋದವರ ಲೆಕ್ಕ ಮಾರಾಟವಾದ ಟಿಕೆಟ್ ಲೆಕ್ಕಕ್ಕೆ ಹೆಚ್ಚುಕಡಿಮೆ ಹೊಂದುತ್ತಿತ್ತು. ಇದೇ ಸತ್ಯವನ್ನು ಜ್ಯೂರಿಯ ಬಾಯಲ್ಲಿ ಕೇಳೋಕೆ ಆ ಕುಟುಂಬಗಳು 2016ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

1990ರ ಜನವರಿಯಲ್ಲಿ ಟೇಲರ್ ಅಂತಿಮ ವರದಿ ಬಂತು. ಅದರಲ್ಲಿ ನಮಗೆ ಬೇಕಾದ ಎರಡು ವಿಷಯ ಇವೆ. ಒಂದು, ದೊಡ್ಡ ಸ್ಟೇಡಿಯಂಗಳಲ್ಲಿ ಎಲ್ಲರಿಗೂ ಕೂರೋಕೆ ಸೀಟು ಇರಬೇಕು. ಇನ್ನೊಂದು, ಪಂದ್ಯದ ದಿನ ಕ್ಲಬ್ಬಿನ ಅನುಮತಿ ಇಲ್ಲದೆ ಟಿಕೆಟ್ ಮಾರುವುದನ್ನು ಅಪರಾಧ ಮಾಡುವ ಬಗ್ಗೆ ಯೋಚಿಸಬೇಕು. ಯಾಕೆ? ಟೌಟ್‌ಗೆ ಯಾವ ತಂಡದವನು ಅಂತ ಬೇಕಾಗಿಲ್ಲ, ದುಡ್ಡು ಕೊಟ್ಟವನಿಗೆ ಚೀಟಿ ಕೊಡ್ತಾನೆ. ಎದುರಾಳಿ ಅಭಿಮಾನಿಗಳ ನಡುವೆ ಹೋಗಿ ಒಬ್ಬ ಕೂತರೆ ಹೊಡೆದಾಟ.

ಇದು ಇಂಗ್ಲೆಂಡಿನ ಗೂಂಡಾಗಿರಿಯ ಸಮಸ್ಯೆ, ನಮಗೇನು ಅನ್ನಬೇಡಿ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಪಂದ್ಯ. ಎರಡೂ ಕಡೆಯ ಅಭಿಮಾನಿಗಳು ಒಂದೇ ಸ್ಟ್ಯಾಂಡ್‌ನಲ್ಲಿದ್ದರು. ಜಗಳ, ಕಲ್ಲು, ಕಾಲ್ತುಳಿತ. 16 ಜನ ಮನೆಗೆ ಮರಳಲಿಲ್ಲ. ಯಾರು ಎಲ್ಲಿ ಕೂರುತ್ತಾರೆ ಅನ್ನೋದು ಫುಟ್‌ಬಾಲಿನಲ್ಲಿ ಪ್ರಾಣದ ಪ್ರಶ್ನೆ.

ಟೇಲರ್ ಹೇಳಿದ್ದು 1994ರಲ್ಲಿ ಕಾನೂನಾಯಿತು. ಕ್ರಿಮಿನಲ್ ಜಸ್ಟಿಸ್ ಆ್ಯಂಡ್ ಪಬ್ಲಿಕ್ ಆರ್ಡರ್ ಆ್ಯಕ್ಟ್, ಸೆಕ್ಷನ್ 166. 2006ರಲ್ಲಿ ತಿದ್ದುಪಡಿ ತಂದು ಇಂಟರ್ನೆಟ್ ಮಾರಾಟವನ್ನೂ ಅದರೊಳಗೆ ಸೇರಿಸಿದರು.

ಈ ಸೆಕ್ಷನ್ನನ್ನು ನಿಧಾನವಾಗಿ ಓದಿದರೆ ಒಂದು ಆಶ್ಚರ್ಯ ಕಾದಿದೆ. ಅದರಲ್ಲಿ ಬೆಲೆಯ ಮಾತೇ ಇಲ್ಲ! ನಲವತ್ತು ಪೌಂಡ್ ಟಿಕೆಟನ್ನು ನಾನೂರಕ್ಕೆ ಮಾರಿದರೂ ಅಪರಾಧ, ನಲವತ್ತಕ್ಕೇ ಮಾರಿದರೂ ಅಪರಾಧ. ಹೆಂಡತಿಗೆ ಜ್ವರ ಬಂತು, ಪಂದ್ಯಕ್ಕೆ ಹೋಗೋಕಾಗಲ್ಲ ಅಂತ ಗೇಟಿನ ಹತ್ತಿರ ಸಿಕ್ಕ ಅಪರಿಚಿತನಿಗೆ ಕೊಂಡ ಬೆಲೆಗೇ ಕೊಟ್ಟರೂ ಕಾನೂನಿನ ಕಣ್ಣಲ್ಲಿ ನೀವೂ ಟೌಟ್. ಹಾಗಾದರೆ ಅಪರಾಧ ಯಾವುದು? 'ಅನುಮತಿ ಇಲ್ಲದೆ' ಮಾರುವುದು. ಅನುಮತಿ ಕೊಡುವವರು ಯಾರು? ಪಂದ್ಯ ನಡೆಸುವವರು. ಅಂದರೆ ಕ್ಲಬ್ಬು. ಲಿಖಿತ ಅನುಮತಿ ಇದ್ದರೆ ಅದೇ ಕೆಲಸ, ಅದೇ ಲಾಭ, ಅದೇ ನಾಲ್ಕು ಪಟ್ಟು ಬೆಲೆ ಪೂರ್ತಿ ಕಾನೂನುಬದ್ಧ. ಒಂದು ಸಹಿಯಷ್ಟೇ ವ್ಯತ್ಯಾಸ.

ಆ ಸಹಿ ಬೀಳೋಕೆ ತಡವಾಗಲಿಲ್ಲ. ಕಾನೂನಿಗೆ ಇಂಟರ್ನೆಟ್ ತಿದ್ದುಪಡಿ ಬಂದ ಅದೇ 2006ರಲ್ಲಿ ವಿಯಾಗೋಗೋ ಅನ್ನೋ ಮರುಮಾರಾಟ ವೆಬ್‌ಸೈಟ್ ಶುರುವಾಯಿತು. ಅದರ ಜೊತೆ ಒಪ್ಪಂದ ಮಾಡಿಕೊಂಡವರು ಯಾರು? ಮ್ಯಾಂಚೆಸ್ಟರ್ ಯುನೈಟೆಡ್, ಚೆಲ್ಸಿಯಂಥ ದೊಡ್ಡ ಕ್ಲಬ್‌ಗಳು. 2013ರಲ್ಲಿ ಟಾಟೆನ್‌ಹ್ಯಾಮ್ ಕ್ಲಬ್ ಸ್ಟಬ್‌ಹಬ್ ಜೊತೆ ಕೈ ಜೋಡಿಸಿತು. ಸೀಸನ್ ಟಿಕೆಟ್ ಇರುವವರು ತಾವು ಹೋಗದ ಪಂದ್ಯದ ಸೀಟನ್ನು ಅಲ್ಲಿ ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಿತ್ತು. ಕ್ಲಬ್ಬಿನ ಅಭಿಮಾನಿ ಸಂಘದವರು ಸಿಟ್ಟಿಗೆದ್ದರು. ಅವರ ಪ್ರಶ್ನೆ ಬಹಳ ನೇರ. ಬೀದಿಯಲ್ಲಿ ಮಾರಿದರೆ ಜೀವಮಾನ ನಿಷೇಧ ಹಾಕ್ತೀರಿ, ಅದೇ ಕೆಲಸವನ್ನು ನಿಮ್ಮ ಪಾಲುದಾರ ಕಂಪನಿ ಮಾಡಿದರೆ 'ಸೇವೆ' ಅಂತೀರಿ. ಹೋರಾಟ ವರ್ಷಗಟ್ಟಲೆ ನಡೆಯಿತು. ಕೊನೆಗೆ ಕ್ಲಬ್ಬು ಆ ದಾರಿ ಬಿಟ್ಟು, ಕೊಂಡ ಬೆಲೆಗೇ ಮರಳಿ ಮಾರುವ ತನ್ನದೇ ವ್ಯವಸ್ಥೆಗೆ ಬಂತು.

ಅರ್ಥಶಾಸ್ತ್ರ ಓದಿದ ನನ್ನ ಗೆಳೆಯನೊಬ್ಬ ಈ ವಿಷಯ ಬಂದಾಗಲೆಲ್ಲ ವಾದಕ್ಕೆ ಇಳೀತಾನೆ. "ಬೇಡಿಕೆ ಜಾಸ್ತಿ, ಸೀಟು ಕಡಿಮೆ. ಕ್ಲಬ್ಬು ಕಡಿಮೆ ಬೆಲೆ ಇಟ್ಟಿದ್ದಕ್ಕೇ ಟೌಟ್ ಹುಟ್ಟೋದು. ನಿಜವಾದ ಬೆಲೆ ಇಟ್ಟರೆ ಅವನು ಮಾಯ ಆಗ್ತಾನೆ. ನಿಮ್ಮ ಪೈಪಿನ ಲೆಕ್ಕವೇ ಇದು." ವಾದದಲ್ಲಿ ಹುರುಳಿದೆ, ನಾನು ಇಲ್ಲ ಅನ್ನಲ್ಲ. ಆದರೆ 'ನಿಜವಾದ ಬೆಲೆ' ಅಂದರೆ ಏನು? ಅಜ್ಜನ ಕಾಲದಿಂದ ಮಳೆಯಲ್ಲಿ ನೆನೆದು, ತಂಡ ಕೆಳದರ್ಜೆಗೆ ಇಳಿದಾಗಲೂ ಬಂದು, ಹಾಡಿ ಕೂಗಿ ಆ ಕ್ಲಬ್ಬಿಗೆ ಒಂದು ಹೆಸರು ತಂದವನು ಫ್ಯಾಕ್ಟರಿ ಕೆಲಸಗಾರ. ಆ ಹೆಸರು ನೋಡಿ ಒಂದೇ ಸಲ ಫೋಟೋ ತೆಗೆಸಿಕೊಳ್ಳೋಕೆ ವಿಮಾನದಲ್ಲಿ ಬರೋನು ಹತ್ತು ಪಟ್ಟು ಕೊಡೋಕೆ ತಯಾರು. ಬೆಲೆ ಹುಟ್ಟಿಸಿದವನಿಗೇ ಆ ಬೆಲೆ ಕೊಡೋಕೆ ಆಗಲ್ಲ. ಈ ಲೆಕ್ಕ ಯಾವ ಗ್ರಾಫ್‌ನಲ್ಲಿ ಬರುತ್ತೆ? ಗೆಳೆಯ ಇಲ್ಲಿಗೆ ಬಂದಾಗ ಕಾಫಿ ಆರ್ಡರ್ ಮಾಡ್ತಾನೆ.

ಟೇಲರ್‌ಗೆ ಈ ಅಪಾಯ ಹೊಳೆದಿತ್ತು. ಎಲ್ಲರಿಗೂ ಸೀಟು ಹಾಕಿದ ನೆಪದಲ್ಲಿ ಬಡವನನ್ನು ಹೊರಗೆ ಹಾಕಬೇಡಿ ಅನ್ನೋದು ಅವರ ಇಂಗಿತ. ಸ್ಕಾಟ್ಲೆಂಡಿನ ಐಬ್ರಾಕ್ಸ್ ಸ್ಟೇಡಿಯಂನ ಉದಾಹರಣೆಯನ್ನೂ ಕೊಟ್ಟರು. ಅಲ್ಲಿ ನಿಂತು ನೋಡೋಕೆ 4 ಪೌಂಡ್, ಕೂತು ನೋಡೋಕೆ 6 ಪೌಂಡ್. ಕ್ಲಬ್‌ಗಳು ಸೀಟಿನ ಪುಟ ಓದಿದವು, ಬೆಲೆಯ ಪುಟ ಮಡಚಿಟ್ಟವು. 2016ರ ಹೊತ್ತಿಗೆ ಅದೇ ಲಿವರ್‌ಪೂಲ್ ಕ್ಲಬ್ಬು ಹೊಸದಾಗಿ ಕಟ್ಟುತ್ತಿದ್ದ ಮೇನ್ ಸ್ಟ್ಯಾಂಡ್‌ನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಅಂತ ಪ್ರಕಟಿಸಿತು. ಆ 6 ಪೌಂಡಿಗೆ ಹಣದುಬ್ಬರ ಸೇರಿಸಿ, ಎರಡು ಪಟ್ಟು ಮಾಡಿ, ಬೇಡ, ಮೂರು ಪಟ್ಟು ಮಾಡಿ. ಆದರೂ 18.

ಆಗ ಅಭಿಮಾನಿಗಳು ಏನು ಮಾಡಿದರು ಗೊತ್ತಾ? 2016ರ ಫೆಬ್ರುವರಿ 6, ಸಂಡರ್‌ಲ್ಯಾಂಡ್ ವಿರುದ್ಧ ಪಂದ್ಯ. ಲಿವರ್‌ಪೂಲ್ 2-0 ಮುಂದಿದೆ. ಗಡಿಯಾರ 77ನೇ ನಿಮಿಷ ತೋರಿಸಿದ ತಕ್ಷಣ ಸುಮಾರು ಹತ್ತು ಸಾವಿರ ಜನ ಎದ್ದು ಹೊರಟುಬಿಟ್ಟರು. ಗೆಲ್ಲುತ್ತಿರುವ ತಮ್ಮದೇ ತಂಡಕ್ಕೆ ಬೆನ್ನು ತೋರಿಸಿ. ಖಾಲಿ ಕುರ್ಚಿಗಳ ಮುಂದೆ ತಂಡ ಎರಡು ಗೋಲು ಬಿಟ್ಟುಕೊಟ್ಟಿತು, ಪಂದ್ಯ 2-2. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ 77 ಪೌಂಡ್ ಯೋಜನೆ ಕೈಬಿಟ್ಟರು. ಅದೇ ವರ್ಷ ಇಡೀ ಪ್ರೀಮಿಯರ್ ಲೀಗ್, ಬೇರೆ ಊರಿಗೆ ಹೋಗಿ ನೋಡುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಹಾಕಿತು. ಕಾನೂನಿನಲ್ಲಿ ಇರದ ಬೆಲೆಯ ಮಾತನ್ನು ಜನ ಎದ್ದು ನಡೆದು ಸೇರಿಸಿದರು.

ಹಾಗಂತ ಟೌಟ್ ಸೋತ ಅಂದುಕೊಳ್ಳಬೇಡಿ. ಅವನು ಬೀಡಾ ಅಂಗಡಿ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತ. ಈಗ ಕ್ಲಬ್‌ಗಳಲ್ಲಿ ಟಿಕೆಟ್ ಬೇಕಾದರೆ ಮೊದಲು ಸದಸ್ಯತ್ವ ಬೇಕು. ಸರಿ, ಅವನು ನಕಲಿ ಹೆಸರಿನಲ್ಲಿ ಸದಸ್ಯತ್ವಗಳನ್ನು ರಾಶಿ ಹಾಕಿದ. ಟಿಕೆಟ್ ಬಿಡುಗಡೆಯಾದ ಕ್ಷಣದಲ್ಲಿ ಸಾಫ್ಟ್‌ವೇರ್ ಬಾಟ್‌ಗಳು ಕ್ಯೂ ನಿಲ್ಲುತ್ತವೆ, ಮನುಷ್ಯ ಪಾಸ್‌ವರ್ಡ್ ಟೈಪ್ ಮಾಡೋಷ್ಟರಲ್ಲಿ ಎಲ್ಲ ಖಾಲಿ. ಮಾರುವ ಕಂಪನಿ ಇಂಗ್ಲೆಂಡಿನಲ್ಲೇ ಇಲ್ಲ, ಯಾವುದೋ ಬೇರೆ ದೇಶದಲ್ಲಿ ನೋಂದಣಿ. 2025ರಲ್ಲಿ ಬಿಬಿಸಿ ವರದಿಗಾರರು ಗುಟ್ಟಾಗಿ ಇಂಥ ಸೈಟ್‌ಗಳಲ್ಲಿ ದೊಡ್ಡ ಕ್ಲಬ್‌ಗಳ ಟಿಕೆಟ್ ಕೊಂಡು, ಒಳಗೆ ಹೋಗಿ ಕೂತು ತೋರಿಸಿದರು. ಕೊಟ್ಟಿದ್ದು ಎರಡರಿಂದ ನಾಲ್ಕು ಪಟ್ಟು. ಕ್ಲಬ್‌ಗಳು ಇದಕ್ಕೆ ಹೂಡಿರುವ ಮದ್ದೂ ಕಹಿಯೇ. ಫೋನಿನಲ್ಲೇ ಟಿಕೆಟ್, ಕೈ ಬದಲಾಯಿಸೋಕೆ ಮಿತಿ, ಇಷ್ಟು ಪಂದ್ಯಕ್ಕೆ ಬರಲೇಬೇಕು ಅನ್ನೋ ಷರತ್ತು. ಎಪ್ಪತ್ತೈದು ವರ್ಷದ ಅಜ್ಜ ಸ್ಮಾರ್ಟ್‌ಫೋನ್ ಹಿಡಿದು ಗೇಟಿನಲ್ಲಿ ತಡವರಿಸ್ತಾನೆ. ಟೌಟ್ ಬಾಡಿಗೆಗೆ ನಾಲ್ಕು ಫೋನ್ ಕೊಟ್ಟು ಕಳಿಸ್ತಾನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಟಿಕೆಟ್ ಗೊಂದಲ ಯಾರೇ ಮಾಡಲಿ, ತಪ್ಪು ಅಭಿಮಾನಿಯದ್ದೇ ಅನ್ನೋ ಚಾಳಿ. 2022ರ ಮೇ 28, ಪ್ಯಾರಿಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಮತ್ತೆ ಲಿವರ್‌ಪೂಲ್. ಗೇಟುಗಳ ಮುಂದೆ ಜನ ಗಂಟೆಗಟ್ಟಲೆ ಒತ್ತಿಕೊಂಡು ನಿಂತರು, ಪೊಲೀಸರು ಅಶ್ರುವಾಯು, ಪೆಪ್ಪರ್ ಸ್ಪ್ರೇ ಹೊಡೆದರು, ಪಂದ್ಯ ಅರ್ಧ ಗಂಟೆಗೂ ಹೆಚ್ಚು ತಡ. ಫ್ರಾನ್ಸಿನ ಗೃಹಮಂತ್ರಿ ಹೇಳಿದರು, ಟಿಕೆಟ್ ಇಲ್ಲದೆ ಅಥವಾ ನಕಲಿ ಟಿಕೆಟ್ ಹಿಡಿದು ಬಂದ 30ರಿಂದ 40 ಸಾವಿರ ಅಭಿಮಾನಿಗಳೇ ಕಾರಣ ಅಂತ. ಆಮೇಲೆ ಲೆಕ್ಕ ಹಾಕಿದರೆ ಗೇಟಿನಲ್ಲಿ ಪತ್ತೆಯಾದ ನಕಲಿ ಟಿಕೆಟ್ಟುಗಳು ಮೂರು ಸಾವಿರವೂ ದಾಟಲಿಲ್ಲ. 2023ರಲ್ಲಿ ಬಂದ ಸ್ವತಂತ್ರ ತನಿಖಾ ವರದಿ, ಮುಖ್ಯ ಹೊಣೆ ಪಂದ್ಯ ನಡೆಸಿದ ಯುಇಎಫ್‌ಎಯದ್ದೇ ಅಂದಿತು. ಹಿಲ್ಸ್‌ಬರೋದಿಂದ ಬದುಕಿ ಬಂದವರು ಕೆಲವರು ಆವತ್ತು ಪ್ಯಾರಿಸ್‌ನ ಗೇಟಿನಲ್ಲೂ ನಿಂತಿದ್ದರು.

ಬೆಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2025ರ ಜೂನ್ 4. ಆಟ ಬೇರೆ, ಅಲ್ಲಿ ಪಂದ್ಯವೂ ಇರಲಿಲ್ಲ, ಆರ್‌ಸಿಬಿ ವಿಜಯೋತ್ಸವ. ಸುಮಾರು 35 ಸಾವಿರ ಹಿಡಿಸುವ ಚಿನ್ನಸ್ವಾಮಿ ಸ್ಟೇಡಿಯಂ ಸುತ್ತ ಲಕ್ಷಗಟ್ಟಲೆ ಜನ. ಪಾಸ್ ಬೇಕಾ, ಬೇಡವಾ, ಎಲ್ಲಿ ಸಿಗುತ್ತೆ, ಯಾವ ಗೇಟು ಅನ್ನೋದೇ ಗೊಂದಲ. 11 ಜನ ಸತ್ತರು. ಆ ಸಂಜೆ ನಾನು ಸ್ಟುಡಿಯೋದಲ್ಲಿದ್ದೆ. 1923ರಲ್ಲಿ ವೆಂಬ್ಲಿಯವರು ಕುದುರೆ ನಿಲ್ಲಿಸಿ ಕಲಿತ ಪಾಠ ಅದು.

ಕೊನೆಯದಾಗಿ ಒಳಮನೆಯ ಕತೆಗೆ ಬರೋಣ. 2006ರ ಜರ್ಮನಿ ವಿಶ್ವಕಪ್. ಫಿಫಾ ಕಾರ್ಯಕಾರಿ ಸಮಿತಿಯ ಸದಸ್ಯ, ಬೋಟ್ಸ್ವಾನಾದ ಇಸ್ಮಾಯಿಲ್ ಭಾಮ್‌ಜಿ, ಇಂಗ್ಲೆಂಡ್ ಮತ್ತು ಟ್ರಿನಿಡಾಡ್ ಪಂದ್ಯದ 12 ಟಿಕೆಟ್ಟುಗಳನ್ನು ಮೂರು ಪಟ್ಟು ಬೆಲೆಗೆ ಮಾರಿ ಸಿಕ್ಕಿಬಿದ್ದರು. ನೂರು ಯೂರೋದ್ದು ಮುನ್ನೂರಕ್ಕೆ. ಒಪ್ಪಿಕೊಂಡು ಮನೆಗೆ ಹೋದರು. ಅದೇ ವಿಶ್ವಕಪ್‌ನಲ್ಲಿ ಫಿಫಾ ಉಪಾಧ್ಯಕ್ಷ ಜಾಕ್ ವಾರ್ನರ್ ಅವರ ಕುಟುಂಬದ ಟ್ರಾವೆಲ್ ಕಂಪನಿ ಮೂಲಕ ಟಿಕೆಟ್ಟುಗಳು ಮರುಮಾರಾಟವಾದದ್ದು ಲೆಕ್ಕಪರಿಶೋಧಕರ ವರದಿಯಲ್ಲೇ ಬಂತು. ಅಂದರೆ ಇಪ್ಪತ್ತು ವರ್ಷದ ಹಿಂದೆ ಇದು ಬೈಸಿಕೊಳ್ಳುವ ಕೆಲಸವಾಗಿತ್ತು.

ಈಗ 2026ರ ವಿಶ್ವಕಪ್ ನೋಡಿ. ಅಮೆರಿಕ, ಕೆನಡಾ, ಮೆಕ್ಸಿಕೋ. ಆತಿಥ್ಯ ಕೇಳಿಕೊಂಡ ಅರ್ಜಿಯಲ್ಲಿ 21 ಡಾಲರ್‌ನಿಂದ ಟಿಕೆಟ್ ಅಂತ ಬರೆದಿದ್ದರು. 2025ರ ಡಿಸೆಂಬರ್‌ನಲ್ಲಿ ತಂಡಗಳ ಕಟ್ಟಾ ಅಭಿಮಾನಿಗಳಿಗೆ ಅಂತ ಇಟ್ಟ ಪಾಲಿನ ಬೆಲೆಪಟ್ಟಿ ಹೊರಬಂದಾಗ ಫೈನಲ್‌ನ ಅತಿ ಅಗ್ಗದ ಟಿಕೆಟ್ 4,185 ಡಾಲರ್. ಯುರೋಪಿನ ಅಭಿಮಾನಿ ಸಂಘಗಳು ಇದನ್ನು ದ್ರೋಹ ಅಂತಲೇ ಕರೆದವು. ಗಲಾಟೆ ಜೋರಾದ ಮೇಲೆ ಫಿಫಾ ಪ್ರತಿ ಪಂದ್ಯಕ್ಕೂ 60 ಡಾಲರ್‌ನ ಒಂದಿಷ್ಟು ಟಿಕೆಟ್ ಘೋಷಿಸಿತು. ಎಷ್ಟು? ತಂಡಗಳಿಗೆ ಮೀಸಲಾದ ಸಣ್ಣ ಪಾಲಿನಲ್ಲಿ ಹತ್ತನೇ ಒಂದು ಭಾಗ.

ಮರುಮಾರಾಟದ ಕತೆ ಏನು? ಬ್ರಿಟನ್ ಸರಕಾರ 2025ರ ನವೆಂಬರ್‌ನಲ್ಲಿ, ಸಂಗೀತ, ನಾಟಕ, ಕ್ರೀಡೆ ಯಾವುದೇ ಇರಲಿ, ಕೊಂಡ ಬೆಲೆಗಿಂತ ಹೆಚ್ಚಿಗೆ ಟಿಕೆಟ್ ಮಾರುವುದನ್ನು ನಿಷೇಧಿಸುತ್ತೇವೆ ಅಂತ ಪ್ರಕಟಿಸಿತು. ಅದೇ ಹೊತ್ತಿಗೆ ಫಿಫಾ ತನ್ನದೇ ಅಧಿಕೃತ ಮರುಮಾರಾಟ ತಾಣ ತೆರೆದು ಕೂತಿತ್ತು. ಮೆಕ್ಸಿಕೋದವರಿಗೆ ಕೊಂಡ ಬೆಲೆಯ ಮಿತಿ ಇತ್ತು. ಅಮೆರಿಕ, ಕೆನಡಾದಲ್ಲಿ ಮಾರುವವನು ಎಷ್ಟು ಬೇಕಾದರೂ ಬೆಲೆ ಹಾಕಬಹುದಿತ್ತು. ಫಿಫಾಗೆ ಮಾರುವವನಿಂದ ಶೇಕಡ 15, ಕೊಳ್ಳುವವನಿಂದ ಶೇಕಡ 15. ಸಾವಿರ ಡಾಲರ್‌ಗೆ ಒಂದು ಟಿಕೆಟ್ ಕೈ ಬದಲಾದರೆ ಮುನ್ನೂರು ಡಾಲರ್ ಫಿಫಾದ ಜೇಬಿಗೆ. ಮೊದಲ ಸಲ ಮಾರಿದ ದುಡ್ಡು ಬೇರೆ. ಅದೇ ಟಿಕೆಟ್ ಮತ್ತೊಮ್ಮೆ ಕೈ ಬದಲಾದರೆ ಮತ್ತೊಮ್ಮೆ.

ಭಾಮ್‌ಜಿ ಅವರನ್ನು ಮನೆಗೆ ಕಳಿಸಿದ್ದು 12 ಟಿಕೆಟ್‌ಗೆ. ಕಳೆದ ಸಲ ಹಾಸನಕ್ಕೆ ಹೋದಾಗ ಅಪ್ಪನಿಗೆ ಈ 15 ಪ್ಲಸ್ 15 ಲೆಕ್ಕ ವಿವರಿಸಿದೆ. ಅಪ್ಪ ಪೇಪರ್‌ನಿಂದ ತಲೆ ಎತ್ತದೆ ಕೇಳಿದರು, "ಹಂಗಾದ್ರೆ ಆ ಬೀಡಾ ಅಂಗಡಿ ಹತ್ರ ನಿಲ್ತಿದ್ದೋನಿಗೆ ಈಗ ಕೆಲಸ ಇಲ್ವಾ?"